ಎಡಗೈ ಮೇಲಿನ ಐದು ಬೆರಳು

ಇವರ ಮೂಗಿನ ತುದಿ ಬಿಸಿಲಿಗೆ ಸುಟ್ಟು ಸಿಪ್ಪೆ ಸುಲಿಯಲು ಶುರುವಾದ ದಿನ ನಾನೇ ಖುಷಿಯಿಂದ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದೆ. ಆ ವಾರವಿಡೀ ಮೋಡ ಕವಿದಿತ್ತು, ಇವರು ಛತ್ರಿ ಇಲ್ಲದೆ ಹೊಸ್ತಿಲು ದಾಟಿರಲಿಲ್ಲ. ಆದರೂ ಮೂಗು ಸುಟ್ಟಿದೆ ಅಂದರೆ ಪ್ರಯಾಣ ಗಟ್ಟಿಯಾಯಿತು ಎಂದೇ ಅರ್ಥ. ಮಾರನೆಯ ದಿನ ಇವರ ಚಪ್ಪಲಿ ಕೊಡವಿದರೆ ಕೆಂಪು ಮರಳು ಉದುರಿತು. ನಮ್ಮ ಸುತ್ತಮುತ್ತ ಎಲ್ಲಿಯೂ ಅಂಥ ಮರಳಿಲ್ಲ. ನಾನು ಅದನ್ನು ಗುಡಿಸಿ ಎಸೆಯದೆ ಒಂದು ಕಾಗದದಲ್ಲಿ ಕಟ್ಟಿಟ್ಟೆ. ಬಂದವರಿಗೆ ತೋರಿಸಬೇಕಲ್ಲ.

ನಮ್ಮೂರಿನಲ್ಲಿ ಪ್ರಯಾಣದ ಗುರುತು ಪ್ರಯಾಣಕ್ಕಿಂತ ಮೊದಲು ಬರುತ್ತದೆ. ಟಿಕೆಟ್ಟು ನಿಕ್ಕಿಯಾಯಿತು ಅಂದರೆ ಕೆಲವು ದಿನಗಳಲ್ಲಿ ಅದು ಮೈಗೆ ಹತ್ತುತ್ತದೆ. ಬೆಟ್ಟಕ್ಕೆ ಹೊರಟವನ ಅಂಗಾಲಿನಲ್ಲಿ ಮೊದಲೇ ಬೊಬ್ಬೆ ಏಳುತ್ತದೆ, ಮಗಳ ಮನೆಗೆ ಹೊರಟವಳ ಸೊಂಟ ಬಸ್ಸಿನಲ್ಲಿ ಕೂತಂತೆ ಹಿಡಿದುಕೊಳ್ಳುತ್ತದೆ, ಮದುವೆ ಊಟಕ್ಕೆ ಹೊರಟವರು ಹಿಂದಿನ ವಾರವೇ ಹೊಟ್ಟೆ ಕೆಡಿಸಿಕೊಂಡು ಗಂಜಿ ಕುಡಿಯುತ್ತಾರೆ. ಆಮೇಲೆ ಅಲ್ಲಿಗೆ ಹೋಗಿ, ಬಿಸಿಲು ತಾಗಬೇಕಾದ ಹೊತ್ತಿಗೆ ತಾಗಿತು ಅನ್ನುವಷ್ಟರಲ್ಲಿ ಸುಟ್ಟ ಗುರುತು ಮಾಯವಾಗುತ್ತದೆ. ಅದಕ್ಕೇ ನಮ್ಮೂರಿನವರು ಎಲ್ಲಿಗೆ ಹೋದರೂ ಆಗಷ್ಟೇ ಸ್ನಾನ ಮಾಡಿದವರ ಹಾಗೆ ವಾಪಸ್ಸಾಗುತ್ತಾರೆ. ಬೇರೆ ಊರಿನವರು ಹೋಗಿ ಬಂದು ಸುಸ್ತಾಗುತ್ತಾರಂತೆ. ಕೇಳಿದರೆ ನಗು ಬರುತ್ತದೆ.

ಗುರುತು ಬಂದ ಮೇಲೆ ಹೋಗದೆ ಕೂತರೂ ಪ್ರಯೋಜನವಿಲ್ಲ. ಕಂಬದ ಮನೆ ಶಿವಲಿಂಗಪ್ಪನವರಿಗೆ ಯಾವುದೋ ಗುಡ್ಡಕ್ಕೆ ಹೋಗುವ ಮುಂಚೆ ಕಾಲು ಊದಿಕೊಂಡಿತು. ಹೆದರಿ ಪ್ರಯಾಣ ಬಿಟ್ಟರು. ತಿಂಗಳುಗಟ್ಟಲೆ ಕುಂಟಿದರು. ಒಂದು ದಿನ ಹಿತ್ತಿಲಿನಲ್ಲಿ ಬಚ್ಚಲ ನೀರಿಗೆ ಕಾಲು ಜಾರಿ ದೊಪ್ಪನೆ ಬಿದ್ದರು, ಎದ್ದು ನೆಟ್ಟಗೆ ನಡೆದುಕೊಂಡು ಒಳಗೆ ಬಂದು ಕಾಫಿ ಕೇಳಿದರು. ಬರಬೇಕಾದ್ದು ಗುಡ್ಡದಲ್ಲಲ್ಲದಿದ್ದರೆ ಹಿತ್ತಿಲಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ನಮ್ಮ ಪ್ರಯಾಣದ ವಿಷಯ. ಇವರು, ಅಂದರೆ ನನ್ನ ಗಂಡ ಫಾಲಾಕ್ಷಪ್ಪ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಆಲದ ಮರಕ್ಕೆ ಕಟ್ಟಿದ ಹಗ್ಗವನ್ನು ಸಾವಿರಾರು ಮಕ್ಕಳ ಕೈಲಿ ಹತ್ತಿಸಿ ಇಳಿಸಿದ್ದಾರೆ. ತಾವು ಮಾತ್ರ ಆ ಹಗ್ಗಕ್ಕಿಂತ ಎತ್ತರದ್ದೇನನ್ನೂ ಹತ್ತಿದವರಲ್ಲ. ನಿವೃತ್ತಿಯಾದ ಮೇಲೆ ಅದೇ ಒಂದು ಕೊರಗು. ನಾನು ವನಮಾಲ, ಹಾಲಿನ ಡೈರಿಯಲ್ಲಿ ಕೆಲಸ ಮಾಡಿದವಳು. ನೀರು ಬೆರೆಸಿದ ಹಾಲು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಹಾಲು ತಂದವರ ಮುಖ ನೋಡಿದ ಕೂಡಲೇ ಕ್ಯಾನಿನಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಿತ್ತು. ಆ ಅಭ್ಯಾಸ ಕೆಲಸ ಬಿಟ್ಟರೂ ಬಿಟ್ಟಿಲ್ಲ. ತರಕಾರಿ ಅಂಗಡಿಯವನು ನನ್ನನ್ನು ಕಂಡರೆ ತಕ್ಕಡಿಯನ್ನು ತಾನೇ ಒಮ್ಮೆ ಒರೆಸಿಕೊಳ್ಳುತ್ತಾನೆ. ಇವರಿಗೆ ಸಾಹಸ ಬೇಕು, ನನಗೆ ಬಿಸಿನೀರು, ಗಟ್ಟಿ ಹಾಸಿಗೆ, ಊಟದ ಕೊನೆಗೆ ಮೊಸರು ಬೇಕು. ಇಷ್ಟು ವರ್ಷ ನಾವು ಎಲ್ಲಿಗೂ ಹೋಗದೆ ಇದ್ದದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ನಮ್ಮಿಬ್ಬರನ್ನೂ ಒಪ್ಪಿಸಿದವಳು ಆಗ್ನೆಸ್ ಬಾಯಿ. ಕರಾವಳಿಯ ಕಡೆಯವಳು, ಜಲಜಾಕ್ಷಿಯ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಪ್ರವಾಸದ ಆಫೀಸು ಇಟ್ಟಿದ್ದಾಳೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಗಿರಣಿಯ ಹಿಟ್ಟು ಹಾರಿ ಹಾರಿ ಆ ಮೆಟ್ಟಿಲಿನ ಮೇಲೆ ಸದಾ ಒಂದು ಪದರ ಕೂತಿರುತ್ತದೆ. ಸಮುದ್ರದ ನಡುವಿನ ಒಂದು ದ್ವೀಪದೇಶದ ಫೋಟೊಗಳನ್ನು ಅವಳು ಮೇಜಿನ ಮೇಲೆ ಹರಡಿದಳು. ಹಿಮದ ಬೆಟ್ಟ, ಅದರ ಬುಡದಲ್ಲಿ ಹಬೆಯಾಡುವ ಬಿಸಿನೀರಿನ ಕೊಳ, ಕೆಂಪು ಮರಳಿನ ದಂಡೆ, ಎರಡು ಬಂಡೆಗಳ ನಡುವೆ ಹಗ್ಗದ ಸೇತುವೆ, ಕೆಳಗೆ ನೀಲಿ ಹೊಳೆ. ಅಷ್ಟು ನೀಲಿ ಹೊಳೆ ಇರುತ್ತದೆಯೇ ಎಂದು ನನಗೆ ಅಲ್ಲಿಯೇ ಅನುಮಾನ ಬಂತು. ಬಣ್ಣ ಹಾಕಿದ್ದೀರಾ ಎಂದು ಕೇಳಿದೆ. ಇಲ್ಲ ಎಂದಳು. ಬಣ್ಣ ಹಾಕಿದವರೂ ಹಾಗೆಯೇ ಹೇಳುತ್ತಾರೆ.

ಇವರು ಸೇತುವೆಯ ಫೋಟೊ ಹಿಡಿದವರು ಕೆಳಗೆ ಇಡಲೇ ಇಲ್ಲ. ಆಗ್ನೆಸ್ ಬಾಯಿ ಚುರುಕು. ಗಂಡನಿಗೊಂದು, ಹೆಂಡತಿಗೊಂದು ಅಂತ ದಿನವನ್ನೇ ಸೀಳಿದಳು. ಬೆಳಿಗ್ಗೆ ಇವರು ಸೇತುವೆ ದಾಟುವಾಗ ನಾನು ಕೊಳದಲ್ಲಿ ಕಾಲು ಇಳಿಬಿಟ್ಟು ಕೂರುವುದು. ಇವರು ದೋಣಿಯಲ್ಲಿ ಒದ್ದೆಯಾಗುವಾಗ ನಾನು ಗಾಜಿನ ಕಿಟಕಿಯ ಪಕ್ಕ ಚಹಾ ಕುಡಿಯುವುದು. ಸಂಜೆ ಇಬ್ಬರೂ ಒಟ್ಟಿಗೆ ಊಟ. ಮೊಸರಿನ ಬಗ್ಗೆ ಅವಳು ಆ ದೇಶಕ್ಕೆ ಫೋನು ಮಾಡಿಯೇ ವಿಚಾರಿಸಿದಳು. ಎಲ್ಲಾ ಸರಿಯಾಗಿಯೇ ಇತ್ತು. ಎಲ್ಲಾ ಸರಿಯಾಗಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಗುರುತುಗಳು ಬರಲು ಶುರುವಾದವು ಎಂದೆನಲ್ಲ, ಅವೆಲ್ಲ ಇವರಿಗೆ ಮಾತ್ರ ಬಂದವು. ಮೂಗು ಸುಟ್ಟಿತು, ಮರಳು ಬಂತು, ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಬರೆ ಬಂತು, ಒಂದು ಬೆಳಿಗ್ಗೆ ವಿಮಾನದಲ್ಲಿ ಕೂತವರ ಹಾಗೆ ಎರಡೂ ಕಿವಿ ಕಟ್ಟಿಕೊಂಡವು. ನಾನು ದಿನಾ ಎದ್ದ ಕೂಡಲೇ ನನ್ನ ಚಪ್ಪಲಿ ಕೊಡವುತ್ತಿದ್ದೆ. ನಮ್ಮ ಅಂಗಳದ ಮಣ್ಣು ಬಿಟ್ಟರೆ ಏನೂ ಇಲ್ಲ. ಕನ್ನಡಿಯ ಮುಂದೆ ಮೂಗು, ಕಿವಿ, ಕತ್ತು ಎಲ್ಲ ನೋಡಿಕೊಂಡೆ. ಬಿಸಿನೀರಿನ ಕೊಳದಲ್ಲಿ ಕೂತರೆ ಕಾಲಿನ ಬೆರಳು ನೆನೆದು ಸುಕ್ಕಾಗಬೇಕು. ಅದೂ ಆಗಲಿಲ್ಲ.

ಆಮೇಲೆ ಕಾಲು ನೋಡುವ ದಿನ ಬಂತು. ದೂರ ಪ್ರಯಾಣಕ್ಕೆ ಹೊರಟವರ ಮನೆಗೆ ನಮ್ಮೂರ ಹೆಂಗಸರು ಬೆಣ್ಣೆ, ಹರಳೆಣ್ಣೆ ಹಿಡಿದು ಬಂದು, ಕಾಲು ನೋಡಿ, ಗುರುತಿಗೆ ಹಚ್ಚಿ, ಅರಿಶಿನ ಕುಂಕುಮ ತೆಗೆದುಕೊಂಡು ಹೋಗುವುದು ರೂಢಿ. ಇವರನ್ನು ಕುರ್ಚಿಯ ಮೇಲೆ ಕೂರಿಸಿ ಪಾದ ನೋಡಿದರು. ಹಿಮ್ಮಡಿಯ ಬಿರುಕಿನಲ್ಲಿದ್ದ ಕೆಂಪು ಮರಳನ್ನು ಮುಟ್ಟಿ ಮುಟ್ಟಿ ನೋಡಿ ಎಷ್ಟು ನುಣುಪು ಅಂದರು. ಇವರು ಮದುವಣಿಗನ ಹಾಗೆ ನಾಚಿಕೊಂಡು ಕೂತಿದ್ದರು. ಆಮೇಲೆ ನನ್ನ ಕಾಲು ಮುಂದಕ್ಕೆ ಬಂತು. ಬೆಣ್ಣೆಯ ಬಟ್ಟಲು ಹಿಡಿದವಳು ಅದನ್ನು ಎಲ್ಲಿಗೆ ಹಚ್ಚುವುದೆಂದು ತಿಳಿಯದೆ ಬಟ್ಟಲನ್ನೇ ನೋಡುತ್ತ ಕೂತಳು. ಸೋದರತ್ತೆಯೊಬ್ಬರು ಇನ್ನೂ ದಿನ ಇದೆ ಬಿಡು ಎಂದು ನನ್ನ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿದರು. ಗಿರಣಿಯ ಜಲಜಾಕ್ಷಿ ಮಾತ್ರ ಕುಂಕುಮವನ್ನೂ ತೆಗೆದುಕೊಳ್ಳದೆ ಎದ್ದು ಹೋದಳು. ಬಾಗಿಲಿನ ಹತ್ತಿರ ಅವಳೂ ಇವರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ನಾನು ಕಂಡೆ.

ಗುರುತು ಬಾರದವರ ಕತೆ ನಮ್ಮೂರಿನಲ್ಲಿ ಒಂದೇ ಇದೆ, ಅದು ಜಲಜಾಕ್ಷಿಯ ಗಂಡನದು. ಎಷ್ಟೋ ವರ್ಷದ ಹಿಂದೆ ಸಮುದ್ರ ನೋಡಿಕೊಂಡು ಬರುತ್ತೇನೆ ಎಂದು ಒಬ್ಬನೇ ಹೊರಟ. ಮೈಮೇಲೆ ಒಂದು ಉಪ್ಪಿನ ಕಣವೂ ಬಂದಿರಲಿಲ್ಲ. ಹೋದವನು ಮತ್ತೆ ಬರಲಿಲ್ಲ. ಸಮುದ್ರ ಎಳೆದುಕೊಂಡಿತು ಎಂದು ಕೆಲವರು ಹೇಳುತ್ತಾರೆ, ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಕೆಲವರು. ನಾನು ಯಾವತ್ತೂ ಎರಡನೆಯದನ್ನೇ ನಂಬಿದವಳು. ಹಾಗಾಗಿ ನನ್ನ ಬರಿಗಾಲು ನೋಡಿ ನನಗೆ ಹೊಳೆದದ್ದೂ ಅಂಥದ್ದೇ. ನಾನು ಹೋಗುತ್ತಿಲ್ಲ. ನನ್ನ ಜಾಗದಲ್ಲಿ ಇನ್ಯಾರೋ ಹೋಗುತ್ತಿದ್ದಾರೆ. ಇನ್ನೊಂದು ಅರ್ಥವೂ ಇದೆ ಎಂಬುದು ತಲೆಯ ಮೂಲೆಯಲ್ಲಿ ಇತ್ತು. ಅದರ ಕಡೆ ನಾನು ತಿರುಗಿ ನೋಡಲಿಲ್ಲ.

ಅದಾದ ಮೂರ್ನಾಲ್ಕು ದಿನಕ್ಕೆ, ಇವರ ಬೆನ್ನು ಉಜ್ಜುವಾಗ ಎಡಗೈ ಕಂಡಿತು. ಮೊಣಕೈ ಕೆಳಗೆ ಐದು ಬೆರಳಿನ ಗುರುತು, ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಬೆರಳು ಕೈಯ ಮುಂಭಾಗದಲ್ಲಿ, ಹೆಬ್ಬೆರಳು ಹಿಂಭಾಗದಲ್ಲಿ. ಯಾರೋ ಬಲವಾಗಿ ಹಿಡಿದುಕೊಂಡಿದ್ದಾರೆ. ಗಂಡಸಿನ ಕೈಯಂತೂ ಅಲ್ಲ, ಬೆರಳು ಸಣ್ಣವು. ಇದೇನು ಎಂದು ಕೇಳಿದೆ. ಇವರು ಏನೋ ಬಂದಿದೆ ಬಿಡು ಎಂದು ಟವೆಲ್ಲು ಸುತ್ತಿಕೊಂಡರು. ಅವತ್ತಿನಿಂದ ತುಂಬುತೋಳಿನ ಅಂಗಿ ಹಾಕತೊಡಗಿದರು. ಸೆಕೆಗೆ ಬನಿಯನ್ನಿನಲ್ಲೇ ಓಡಾಡುವ ಮನುಷ್ಯ.

ಮಧ್ಯಾಹ್ನ ಊಟವಾದ ಮೇಲೆ ಇವರು ಈಸಿಚೇರಿನಲ್ಲಿ ಗೊರಕೆ ಹೊಡೆಯುವಾಗ ನಾನು ಎದುರಿಗೆ ಮೊಣಕಾಲೂರಿ ಕೂತು, ಅಂಗಿಯ ತೋಳು ಮೆಲ್ಲಗೆ ಸರಿಸಿ ನನ್ನ ಕೈಯಿಟ್ಟು ನೋಡಿದೆ. ಎಡಗೈ ಇಟ್ಟೆ, ಬಲಗೈ ಇಟ್ಟೆ. ಕೂಡಲಿಲ್ಲ. ನನ್ನ ಹೆಬ್ಬೆರಳು ಮುಂಭಾಗಕ್ಕೇ ಬರುತ್ತಿತ್ತು. ಅಲ್ಲಿದ್ದ ಬೆರಳುಗಳು ಇಷ್ಟಗಲ ಹರಡಿಕೊಂಡಿದ್ದವು, ನನ್ನವು ಹತ್ತಿರ ಹತ್ತಿರ. ಕೂಡುವುದಾದರೂ ಹೇಗೆ? ಇವರು ಸೇತುವೆಯ ಮೇಲೆ ಇರುವ ಹೊತ್ತಿನಲ್ಲಿ ನಾನು ಕೊಳದಲ್ಲಿ ಕೂತಿರುತ್ತೇನೆ. ಆಗ ಇವರ ಕೈ ಹಿಡಿದುಕೊಂಡು ಜೊತೆಗೆ ನಡೆಯುವವಳು ಯಾರು? ನನ್ನ ಎದೆ ಉರಿದುಹೋಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಅನ್ನ ಬಡಿಸಿದ ಕೈ ಇದು.

ಮೊದಲ ಅನುಮಾನ ಆಗ್ನೆಸ್ ಬಾಯಿಯ ಮೇಲೆ ಬಂತು. ಫೋಟೊ ತೋರಿಸುವಾಗ ಇವರಿಗೆ ಮಾತ್ರ ಎರಡೆರಡು ಸಲ ತೋರಿಸುತ್ತಿದ್ದಳು. ಬಳೆಯ ಅಳತೆ ನೋಡುವ ನೆಪದಲ್ಲಿ ಅವಳ ಕೈ ಹಿಡಿದು ನೋಡಿದೆ. ಮಗುವಿನ ಕೈಯ ಹಾಗೆ ಪುಟ್ಟದು, ಇವರ ಮಣಿಕಟ್ಟನ್ನೂ ಸುತ್ತಿ ಬರುವುದಿಲ್ಲ. ಉಳಿದವಳು ಜಲಜಾಕ್ಷಿ. ಗೋಧಿಯ ಡಬ್ಬ ಮನೆಯಲ್ಲೇ ಇದೆ, ಇವರು ಮಾತ್ರ ದಿನ ಬಿಟ್ಟು ದಿನ ಗಿರಣಿಗೆ ಹೋಗುತ್ತಿದ್ದರು. ಮನೆಯಲ್ಲಿ ಫೋನು ಬಂದರೆ ಮಹಡಿಗೆ ಹತ್ತುತ್ತಿದ್ದರು. ನಾನು ಹತ್ತಿದರೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನೀರು ಬೆರೆಸಿದವರು ಹೀಗೆಯೇ. ಕೇಳದೆ ಇದ್ದರೂ ಹಸುವಿನ ಆರೋಗ್ಯ ಹೇಳುತ್ತಾರೆ.

ಗಿರಣಿಗೆ ನಾನೂ ಹೋದೆ, ಕಪ್ಪು ಛತ್ರಿ ಹಿಡಿದುಕೊಂಡು. ಜಲಜಾಕ್ಷಿ ಮೊಣಕೈವರೆಗೆ ಹಿಟ್ಟಾಗಿ ನಿಂತಿದ್ದಳು. ಸೀರೆ ಸರಿಮಾಡಿಕೊಳ್ಳುತ್ತೇನೆ, ಇದನ್ನು ಒಂದು ನಿಮಿಷ ಹಿಡಿ ಎಂದು ಛತ್ರಿ ಕೊಟ್ಟೆ. ಅವಳು ಹಿಡಿದಳು. ಕಪ್ಪು ಬಟ್ಟೆಯ ಮೇಲೆ ಬಿಳಿ ಹಿಟ್ಟಿನ ಐದು ಬೆರಳೂ ಸ್ಪಷ್ಟವಾಗಿ ಮೂಡಿದವು. ಅದು ಅಳಿಸದ ಹಾಗೆ ಛತ್ರಿಯನ್ನು ಹಸುಗೂಸಿನಂತೆ ಎರಡೂ ಕೈಮೇಲೆ ಇಟ್ಟುಕೊಂಡು, ಎದೆಗೆ ತಾಗಿಸದೆ ಮನೆಗೆ ತಂದೆ. ದಾರಿಯಲ್ಲಿ ಹನಿ ಬಿದ್ದರೂ ಛತ್ರಿ ಬಿಚ್ಚಲಿಲ್ಲ. ಮಧ್ಯಾಹ್ನ ಇವರ ಗೊರಕೆ ಶುರುವಾದ ಮೇಲೆ ಛತ್ರಿಯನ್ನು ತೋಳಿನ ಪಕ್ಕ ಹಿಡಿದು ನೋಡಿದರೆ, ಅವಳ ಒಂದೊಂದು ಬೆರಳೂ ಈ ಗುರುತಿನ ಒಂದೂವರೆಯಷ್ಟಿದೆ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಇಬ್ಬರೂ ಅಲ್ಲದಿದ್ದರೆ ಇನ್ನೊಬ್ಬಳು ಯಾರು ಎಂಬ ಹೊಸ ಚಿಂತೆ ಹತ್ತಿತು. ಹೊರಡುವ ದಿನ ಹತ್ತಿರ ಬರುತ್ತಿತ್ತು. ನಾನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಂಡಕಂಡ ಹೆಂಗಸರ ಕೈಬೆರಳು ನೋಡುತ್ತ ತಿರುಗಿದೆ. ಒಬ್ಬಳು ನಿಮಗೇನು ಬೇಕಮ್ಮ ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಒಂದು ಬೆಳಿಗ್ಗೆ ಇವರು ಬ್ಯಾಂಕಿಗೆ ಹೋಗಿ ಬರುತ್ತೇನೆ ಎಂದು ಹೊರಟರು. ಪಾಸ್‌ಬುಕ್ಕು ಕಪಾಟಿನಲ್ಲೇ ಇತ್ತು. ನಾನು ಹಿಂದೆಯೇ ಹೋದೆ. ಇವರು ನೇರವಾಗಿ ಗಿರಣಿಗೆ ಹೋದರು, ಜಲಜಾಕ್ಷಿಯ ಹತ್ತಿರ ಏನೋ ಮಾತಾಡಿದರು, ಅವಳು ತಲೆಯಾಡಿಸಿದಳು. ಆಮೇಲೆ ಇವರು ಕಬ್ಬಿಣದ ಮೆಟ್ಟಿಲು ಹತ್ತಿ ಆಗ್ನೆಸ್ ಬಾಯಿಯ ಕೋಣೆಗೆ ಹೋದರು. ನಾನು ಸ್ವಲ್ಪ ತಡೆದು, ಗಿರಣಿಯ ಸದ್ದಿನಲ್ಲಿ ನನ್ನ ಹೆಜ್ಜೆಯ ಸದ್ದು ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಮೇಲೆ ಹತ್ತಿ, ಅರೆ ತೆರೆದ ಬಾಗಿಲ ಪಕ್ಕ ನಿಂತೆ. ಇವತ್ತು ಹಿಡಿದೇ ಬಿಡುತ್ತೇನೆ ಅಂದುಕೊಂಡೆ.

ಇವರು ಟಿಕೆಟ್ಟು ರದ್ದು ಮಾಡಿ ಎಂದು ಕೇಳುತ್ತಿದ್ದರು. ಇಬ್ಬರದೂ. ಅದೂ ಮೊದಲ ಸಲವಲ್ಲ, ಹಿಂದೆಯೇ ಕೇಳಿದ್ದರೆಂದು ಆಗ್ನೆಸ್ ಬಾಯಿಯ ಮಾತಿನಿಂದ ಗೊತ್ತಾಯಿತು. ಇನ್ನೂ ಸ್ವಲ್ಪ ದಿನ ನೋಡಿ, ಅಮ್ಮನಿಗೂ ಗುರುತು ಬರಬಹುದು ಎಂದು ಅವಳು ತಡೆದಿದ್ದಳು.

"ಆ ಸೇತುವೆಯ ಫೋಟೊ ನೀವು ಎಷ್ಟು ಸಲ ನೋಡಿದ್ದೀರಿ ಮೇಷ್ಟ್ರೆ. ಬೇಜಾರಿಲ್ವಾ ನಿಮಗೆ?" ಎಂದಳು.

"ಬೇಜಾರಿದೆ. ಆದ್ರೆ ಹೋಗೋವಾಗ ಇಬ್ರು, ಬರೋವಾಗ ನಾನೊಬ್ನೇ ಅಂದ್ರೆ? ಜಲಜಾಕ್ಷಿನ ಕೇಳ್ದೆ. ಅವಳ ಗಂಡ ಹೊರಟಾಗ್ಲೂ ಕಾಲು ಹೀಗೇ ತೊಳೆದಿಟ್ಟ ಹಾಗಿತ್ತಂತೆ. ನನ್ನ ಗುರುತು ಇಲ್ಲೇ ಎಲ್ಲಾದ್ರೂ ತೀರ್ಕೊಳ್ಳುತ್ತೆ ಬಿಡಿ, ಬಿಸಿಲು ಇಲ್ಲೂ ಇದೆ."

"ಅಮ್ಮನಿಗೆ ಹೇಳಿದ್ರಾ?"

"ಇಲ್ಲ. ಅವಳಿಗೆ ನನ್ನ ಮೇಲೇ ಅನುಮಾನ ಬಂದಿದೆ. ನಾನು ಮಲಗಿರುವಾಗ ಛತ್ರಿ ಹಿಡ್ಕೊಂಡು ಬಂದು ಕೈ ಅಳೀತಾಳೆ. ನಾನು ಗೊರಕೆ ಹೊಡೀತಾ ಇರ್ತೀನಿ. ಅನುಮಾನ ಪಡ್ಲಿ. ಅನುಮಾನದಲ್ಲಿ ಇರೋವರೆಗೂ ಅವಳಿಗೆ ಹೆದರಿಕೆ ಆಗಲ್ಲ."

ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ. ತಲೆಯ ಮೂಲೆಯಲ್ಲಿ ತಳ್ಳಿಟ್ಟದ್ದು ಈಗ ಎದುರಿಗೆ ಬಂದು ನಿಂತಿತ್ತು. ಹೌದು, ನನಗೆ ಹೆದರಿಕೆ. ಅವತ್ತು ಸೀರೆಯ ಅಂಚು ಎಳೆದು ಪಾದ ಮುಚ್ಚಿದಾಗಲೇ ಹೆದರಿಕೆಯಾಗಿತ್ತು. ನಾನು ಅಲ್ಲಿಂದ ಬರುವುದಿಲ್ಲವೇನೋ ಎಂದು ಕೂತು ಯೋಚಿಸುವುದಕ್ಕಿಂತ, ಯಾವಳೋ ಒಬ್ಬಳು ನನ್ನ ಗಂಡನ ಕೈ ಹಿಡಿದಿದ್ದಾಳೆ ಎಂದು ಊರೆಲ್ಲ ಅಲೆಯುವುದು ಸುಲಭವಾಗಿತ್ತು. ಅದನ್ನು ಈ ಮನುಷ್ಯ ಸುಳ್ಳು ಗೊರಕೆ ಹೊಡೆಯುತ್ತಲೇ ಕಂಡುಕೊಂಡಿದ್ದರು. ನಾಚಿಕೆಯಾಯಿತು, ಸಿಟ್ಟೂ ಬಂತು. ಯಾವುದು ಹೆಚ್ಚು ಎಂದು ಹೇಳಲಾರೆ.

ಒಳಗೆ ಹೋದೆ. ಇಬ್ಬರೂ ಎದ್ದು ನಿಂತರು. ಇವರು ಮೇಜಿನ ಮೇಲಿದ್ದ ಸೇತುವೆಯ ಫೋಟೊವನ್ನು ಬೋರಲು ಹಾಕಿ, ನಡಿ ಮನೆಗೆ ಹೋಗೋಣ ಎಂದು ಮುಂದೆ ಹೊರಟರು. ನಾನು ಹಿಂದೆ ಹೊರಟೆ. ಕಣ್ಣು ಮಂಜಾಗಿತ್ತು, ಮೆಟ್ಟಿಲು ಸರಿಯಾಗಿ ಕಾಣುತ್ತಿರಲಿಲ್ಲ. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಟ್ಟಿನ ಮೇಲೆ ಕಾಲು ಜಾರಿತು. ಬೀಳುತ್ತೇನೆ ಅನ್ನುವಾಗ ಮುಂದಿದ್ದ ಇವರ ಎಡಗೈ ಸಿಕ್ಕಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಡಿದುಕೊಂಡೆ. ಇವರು ಅಮ್ಮಾ ಎಂದು ನರಳಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಂತುಬಿಟ್ಟರು.

ಅಂಗಿಯ ತೋಳು ಮೇಲಕ್ಕೆ ಸರಿದಿತ್ತು. ನನ್ನ ಕೈ ನೋಡಿದೆ. ನಾಲ್ಕು ಬೆರಳು ನಾಲ್ಕು ಗುರುತಿನ ಮೇಲೆ, ಹೆಬ್ಬೆರಳು ಹಿಂಭಾಗದ ಗುರುತಿನ ಮೇಲೆ ಕೂತಿತ್ತು. ಹೆದರಿ ಹಿಡಿದಾಗ ಬೆರಳುಗಳು ಅಷ್ಟೇ ಅಗಲ ಹರಡಿದ್ದವು. ಒಂದು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನಾನು ಎದುರಿಗೆ ಕೂತು ಅಳೆದಿದ್ದೆ. ಹಿಂದೆ ನಿಂತು ಅಳೆದಿರಲಿಲ್ಲ.

ಒಂದು ಕ್ಷಣ ಎದೆ ಹಗುರಾಯಿತು, ಮರುಕ್ಷಣವೇ ಕುಸಿಯಿತು. ಗುರುತು ನನ್ನದೇ ಸರಿ. ಆದರೆ ಬರಬೇಕಾದ್ದು ಇಲ್ಲೇ ಬಂದುಹೋಯಿತಲ್ಲ? ಶಿವಲಿಂಗಪ್ಪನವರ ಹಿತ್ತಿಲಿನ ಹಾಗೆ ಇದು ಈ ಮೆಟ್ಟಿಲಿನಲ್ಲೇ ತೀರಿತು ಅಂದರೆ, ಕೈ ಎತ್ತಿದ ಕೂಡಲೇ ಗುರುತು ಅಳಿಸಿಹೋಗಿರುತ್ತದೆ. ಆಮೇಲೆ ಆ ದ್ವೀಪದಲ್ಲಿ ನಾನು ಇವರ ಹತ್ತಿರ ಇರುತ್ತೇನೆ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಇವರಿಗೂ ಅದೇ ಹೊಳೆದಿರಬೇಕು. ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹಿಡಿತ ಸಡಿಲಿಸಲಿಲ್ಲ. ಕೆಳಗೆ ಜಲಜಾಕ್ಷಿ ಗಿರಣಿ ನಿಲ್ಲಿಸಿ ತಲೆಯೆತ್ತಿ ನೋಡಿದಳು.

"ಕೈ ತೆಗಿ, ವನಮಾಲಾ. ನೋಡೇ ಬಿಡೋಣ," ಎಂದರು ಇವರು.

ಕಿರುಬೆರಳು ಎತ್ತಿದೆ. ಅದರ ಕೆಳಗೆ ನೇರಳೆ ಹಾಗೆಯೇ ಇತ್ತು. ಉಂಗುರದ ಬೆರಳು ಎತ್ತಿದೆ, ನಡುಬೆರಳು, ತೋರುಬೆರಳು. ಕೊನೆಗೆ ಹೆಬ್ಬೆರಳು. ಐದೂ ಗುರುತು ಇದ್ದವು, ಒಂದೂ ಮಾಸಿರಲಿಲ್ಲ. ಅಂದರೆ ನಾನು ಇನ್ನೊಮ್ಮೆ ಹೀಗೆಯೇ ಹಿಡಿಯುವುದಿದೆ. ಇಲ್ಲಿ ಅಲ್ಲ, ಬೇರೆ ಎಲ್ಲೋ.

ಇಬ್ಬರೂ ಆ ಹಿಟ್ಟಿನ ಮೆಟ್ಟಿಲಿನ ಮೇಲೆಯೇ ಕೂತೆವು. ನನಗೆ ಅಳು ಬಂತು, ಅತ್ತುಬಿಟ್ಟೆ. ಇವರು ಅಂಗಿಯ ತೋಳು ಕೆಳಗೆ ಎಳೆದುಕೊಂಡು, ಆದರೂ ನಿನ್ನ ಮೈಮೇಲೆ ಒಂದಾದರೂ ಬಂದಿದ್ದರೆ ಸಮಾಧಾನ ಇರುತ್ತಿತ್ತು ಎಂದರು.

"ನನ್ನ ಗುರುತು ಬಂದಿದೆಯಲ್ರೀ, ನಿಮ್ಮ ಕೈಮೇಲೆ," ಎಂದೆ. "ಇಷ್ಟು ಗಟ್ಟಿಯಾಗಿ ಹಿಡ್ಕೊಂಡವಳು ಬಿಟ್ಟು ಎಲ್ಲಿಗೆ ಹೋಗ್ತೀನಿ?"

ಮತ್ತೆ ಮೇಲೆ ಹತ್ತಿದೆವು. ಆಗ್ನೆಸ್ ಬಾಯಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಕೊಳ ಬೇಡ, ಸೇತುವೆಗೆ ಇಬ್ಬರನ್ನೂ ಸೇರಿಸಿ, ಇವರ ಹಿಂದೆಯೇ ನಾನು ಎಂದು ಹೇಳಿದೆ. ಅವಳು ನನ್ನ ಕಾಲು ನೋಡಿದಳು, ಇವರ ಮುಖ ನೋಡಿದಳು.

"ಅಲ್ಲಿ ಕೆಳಗೆ ನೋಡಿದ್ರೆ ತಲೆ ತಿರುಗ್ತದೆ ಅಮ್ಮ," ಎಂದಳು.

ನಾನು ಕೆಳಗೆ ನೋಡುವುದೇ ಇಲ್ಲ, ಇವರ ಕೈ ನೋಡುತ್ತಿರುತ್ತೇನೆ ಎಂದೆ. ಸಂಜೆಯ ಮೊಸರು ಮಾತ್ರ ಬಿಡುವುದಿಲ್ಲ, ರಾತ್ರಿ ಹಾಸಿಗೆ ಗಟ್ಟಿಯಾಗಿಯೇ ಇರಬೇಕು ಎಂದೂ ಹೇಳಿದೆ. ಅದಕ್ಕೆ ಅವಳು ನಕ್ಕಳು. ಆ ನಗುವನ್ನು ನಾನು ಈಗಲೂ ಪೂರ್ತಿ ನಂಬುವುದಿಲ್ಲ, ಹೊಳೆಯ ನೀಲಿ ಬಣ್ಣವನ್ನಂತೂ ನೋಡುವವರೆಗೆ ನಂಬುವುದಿಲ್ಲ.

ಕೆಳಗೆ ಬಂದಾಗ ಜಲಜಾಕ್ಷಿ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. ಇವರ ಕೈ ನೋಡಬೇಕೆಂದಳು. ಇವರು ತೋಳು ಮಡಿಸಿ ತೋರಿಸಿದರು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೊಂದು ಗುರುತನ್ನೂ ಮುಟ್ಟಿ ನೋಡಿದಳು. ಅವಳ ಮೇಲೆ ನಾನು ಪಟ್ಟ ಅನುಮಾನ ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳ ಮುಖ ನೋಡಲು ನನಗೇ ಆಗಲಿಲ್ಲ.

"ನನ್ನ ಗಂಡನ ಕೈಮೇಲೆ ಏನೂ ಇರ್ಲಿಲ್ಲ ಅಕ್ಕ," ಎಂದಳು. "ಬಾ ಅಂದಿದ್ರು. ಗಿರಣಿ ಯಾರು ನೋಡ್ಕೋತಾರೆ ಅಂತ ನಾನು ಹೋಗ್ಲಿಲ್ಲ."

ಅವತ್ತು ಅವಳು ತೆಗೆದುಕೊಳ್ಳದೆ ಹೋದ ಕುಂಕುಮವನ್ನು ಸಂಜೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಛತ್ರಿಯ ಮೇಲಿದ್ದ ಅವಳ ಹಿಟ್ಟಿನ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ನಾಳೆ ಬೆಳಿಗ್ಗೆ ಹೊರಡುವುದು. ನನ್ನ ಚಪ್ಪಲಿ ಇನ್ನೂ ಕೊಡವುತ್ತೇನೆ, ಇನ್ನೂ ಏನೂ ಉದುರುವುದಿಲ್ಲ. ಹೆದರಿಕೆ ಹೋಗಿಲ್ಲ, ಹೋಗಿದೆ ಎಂದರೆ ಸುಳ್ಳಾಗುತ್ತದೆ. ಇವರು ಮತ್ತೆ ಬನಿಯನ್ನಿನಲ್ಲಿ ಓಡಾಡುತ್ತಿದ್ದಾರೆ. ಯಾವ ಗುರುತು ಕಂಡು ಎದೆ ಉರಿದಿತ್ತೋ ಅದು ಮಾಸದೆ ಇರಲಿ ಎಂದು ಈಗ ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುತ್ತೇನೆ. ಆಮೇಲೆ ಹೋಗಿ ಇವರ ಎಡಗೈ ಬೆಳಕಿಗೆ ಹಿಡಿದು ಬೆರಳುಗಳನ್ನು ಎಣಿಸುತ್ತೇನೆ. ಐದಿದ್ದರೆ ಕಾಫಿಗೆ ನೀರಿಡುತ್ತೇನೆ.